ಕ್ರೀಫಿನಲ್ಲಿ ಅರ್ಧ ದಿನ: ವಿಸ್ಕಿಯೋ, ಪುಸ್ತಕವೋ?

ಸ್ಕಾಟ್ಲೆಂಡಿನ ಪರ್ತ್‌ಶೈರ್ ಕಡೆಯ ಚಿಕ್ಕ ಊರು ಕ್ರೀಫ್. ಒಂದು ಕಾಲಕ್ಕೆ ಹೈಲ್ಯಾಂಡಿನ ದನಗಳ ದೊಡ್ಡ ಸಂತೆ ಸೇರುತ್ತಿದ್ದ ಜಾಗ. ರೈಲು 1964ರಲ್ಲೇ ನಿಂತುಹೋಯಿತು, ಈಗ ಪರ್ತ್‌ನಿಂದ ಬಸ್ ಹಿಡಿಯಬೇಕು. ಬಂದವರು ಹೆಚ್ಚಾಗಿ ವಿಸ್ಕಿ ತಯಾರಿಸುವ ಗ್ಲೆನ್‌ಟರೆಟ್ ಡಿಸ್ಟಿಲರಿ ನೋಡುತ್ತಾರೆ. ನಾನೂ ನೋಡಿದೆ. ಆದರೂ ನನ್ನ ವೋಟು ಇನ್ನರ್‌ಪೆಫ್ರೇ ಲೈಬ್ರರಿಗೆ.

ಡಿಸ್ಟಿಲರಿ ಚೆನ್ನಾಗಿಲ್ಲ ಅಂತಲ್ಲ. 1763ರಿಂದ ನಡೆಯುತ್ತಿದೆ ಎನ್ನುತ್ತಾರೆ. ಬಿಸಿನೀರಿನಲ್ಲಿ ನೆನೆದ ಬಾರ್ಲಿಯನ್ನು ಇಂದಿಗೂ ಕೈಯಿಂದಲೇ ಕಲಕುತ್ತಾರೆ, ಆ ಬಿಸಿ ವಾಸನೆ ಮೂಗಿಗೆ ಅಂಟಿಕೊಳ್ಳುತ್ತದೆ. ಟೌಸರ್ ಎಂಬ ಬೆಕ್ಕಿನ ಪ್ರತಿಮೆಯೂ ಇದೆ. ಅದು ಹಿಡಿದ ಇಲಿಗಳು 28,899 ಅಂತೆ. ಎಣಿಸಿದವರು ಯಾರಪ್ಪಾ! ಆದರೆ ಎಲ್ಲವೂ ಗೈಡ್ ಹಿಂದೆ ಗುಂಪಾಗಿ ನಡೆದು ನೋಡುವುದು, ಕೊನೆಗೆ ಅಂಗಡಿಗೆ ಬಂದು ನಿಲ್ಲುವುದು. ಕುಡಿಯದವರಿಗೆ ಮಜಾ ಅರ್ಧ ಮಾತ್ರ.

ಲೈಬ್ರರಿ ಊರಿಂದ ನಾಲ್ಕೈದು ಮೈಲಿ ಆಚೆ, ಟ್ಯಾಕ್ಸಿಯೇ ಸರಿ. 1680ರಲ್ಲಿ ಡೇವಿಡ್ ಡ್ರಮಂಡ್ ಎಂಬ ಜಮೀನ್ದಾರ ಊರಿನವರಿಗೆಲ್ಲ ಪುಸ್ತಕ ಪುಕ್ಕಟೆ ಸಿಗಲಿ ಎಂದು ಶುರುಮಾಡಿದ್ದು. ಈಗಿನ ಕಟ್ಟಡ 1762ರದು. ಓದುವ ಕೋಣೆ ಮೇಲ್ಮಹಡಿಯಲ್ಲಿದೆ. ಅಲ್ಲಿನ ನಿಜವಾದ ಆಸ್ತಿ ಎಂದರೆ ಪುಸ್ತಕ ಒಯ್ದವರ ರಿಜಿಸ್ಟರು. 1747ರಿಂದ 1968ರವರೆಗಿನ ದಾಖಲೆ! ನೇಕಾರರು, ಬಣ್ಣ ಹಾಕುವವರು, ಕಲ್ಲುಕುಟಿಗರು ತಮ್ಮ ಕೈಯಾರೆ ಹೆಸರು ಬರೆದು, ತಂದುಕೊಡುತ್ತೇವೆ ಎಂದು ಮಾತು ಕೊಟ್ಟು ಪುಸ್ತಕ ಒಯ್ದಿದ್ದಾರೆ. ಕೆಲವರ ಅಕ್ಷರ ದುಂಡಗೆ, ಕೆಲವರದು ಕಾಗೆ ಕಾಲು. ಗಾಜಿನ ಆಚೆಯಿಂದ ನೋಡಿ ಹೋಗಿ ಎನ್ನುವುದಿಲ್ಲ, ಹಳೇ ಪುಸ್ತಕಗಳನ್ನು ಕೈಗೇ ಕೊಡುತ್ತಾರೆ. ಇಷ್ಟು ನಂಬಿಕೆ ಯಾವ ಮ್ಯೂಸಿಯಂನಲ್ಲಿ ಸಿಗುತ್ತೆ ಹೇಳಿ? ಚಳಿಗಾಲದಲ್ಲಿ ಮಾತ್ರ ಕೇಳದೆ ಹೋಗಬೇಡಿ, ಬಾಗಿಲು ಮುಚ್ಚಿರುತ್ತೆ.

ಮಕ್ಕಳಿದ್ದರೆ ಡ್ರಮಂಡ್ ಕೋಟೆಯ ತೋಟ ವಾಸಿ. ಮೇಲಿನ ಜಗಲಿಯಿಂದ ನೋಡಿದರೆ ಶಿಲುಬೆ ಆಕಾರದಲ್ಲಿ ಕತ್ತರಿಸಿದ ಗಿಡಗಳು, ನಡುವೆ 1630ರ ನೆರಳು ಗಡಿಯಾರ. ಚೆಂದ, ಆದರೆ ಒಂದು ಸುತ್ತು ಹಾಕಿದರೆ ಮುಗಿಯಿತು.

ನಮ್ಮ ಕಡೆಯವರು ಇನ್ನೊಂದು ಜಾಗ ನೋಡಬಹುದು. ಊರಿನ ಪಶ್ಚಿಮಕ್ಕೆ ಗುಡ್ಡದ ಮೇಲೆ ಡೇವಿಡ್ ಬೇರ್ಡ್‌ನ ಸ್ಮಾರಕ ಕಂಬವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಪಡೆಯ ಮುಂದಾಳು ಇವನೇ. ಅದಕ್ಕೂ ಮೊದಲು ಅದೇ ಊರಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ಕಂಬ ನಿಲ್ಲಿಸಿದ್ದು ಅವನ ಹೆಂಡತಿ. ಟಿಕೆಟ್ಟು ಇಲ್ಲ, ಗೈಡೂ ಇಲ್ಲ. ಮಳೆ ಬಂದಿದ್ದರೆ ಹತ್ತುವುದು ಬೇಡ.