ದೋಣಿ ಟಾಯ್ಲೆಟ್‌ಗೆ ಯಾವ ಪೇಪರ್? ಮನೆಯಲ್ಲಿ ಮೂರು ವರ್ಷ ಬಳಸಿ ಕಂಡಿದ್ದು

ದಾವಣಗೆರೆಯ ವಿನೋಬನಗರದಲ್ಲಿ ನಮ್ಮದು ಹಳೇ ಮನೆ. ಪಾಯಿಖಾನೆ ಹಿತ್ತಲಲ್ಲಿದೆ, ನಾಲ್ಕು ಮೆಟ್ಟಿಲು ಇಳಿಯಬೇಕು. ಸೊಂಟದ ಮೂಳೆ ಮುರಿದ ಮೇಲೆ ಅವ್ವನಿಗೆ ಅದು ಆಗಲೇ ಇಲ್ಲ. ಅದಕ್ಕೇ ದೋಣಿ, ಕ್ಯಾರವಾನ್‌ಗಳಲ್ಲಿ ಇಡುವಂಥ ಪೋರ್ಟಬಲ್ ಟಾಯ್ಲೆಟ್ ತರಿಸಿದೆವು. ಮೇಲೆ ನೀರಿನ ಟ್ಯಾಂಕ್, ಕೆಳಗೆ 20 ಲೀಟರ್‌ನ ಕೊಳೆ ಟ್ಯಾಂಕ್, ನಡುವೆ ಎಳೆದು ತೆರೆಯುವ ಮುಚ್ಚಳ. ಟಾಯ್ಲೆಟ್ ಬಗ್ಗೆ ದೂರಿಲ್ಲ. ತಲೆನೋವು ಕೊಟ್ಟಿದ್ದು ಪೇಪರ್.

"ಕಾಗದದಾಗ ಒರೆಸ್ಕೊಂಡ್ರೆ ಸ್ವಚ್ಛ ಆಗ್ತದೇನೋ?" ಅಂತ ಅವ್ವ ಮೊದಲು ಒಪ್ಪಲಿಲ್ಲ. ಆದರೆ ಪ್ರತಿ ಸಲ ಚೊಂಬು ನೀರು ಹಾಕಿದರೆ ಟ್ಯಾಂಕ್ ಬೇಗ ತುಂಬುತ್ತದೆ. ತುಂಬಿದ ಟ್ಯಾಂಕ್ 20 ಕೆಜಿಗಿಂತ ಜಾಸ್ತಿ ತೂಗುತ್ತದೆ, ಹಿತ್ತಲಿಗೆ ಹೊರುವವನು ನಾನು. ಕೊನೆಗೆ ಮೊದಲು ಪೇಪರ್, ಆಮೇಲೆ ಅರ್ಧ ಲೋಟ ಬೆಚ್ಚಗಿನ ನೀರು ಅಂತ ಆಯಿತು.

ಮೊದಲ ತಿಂಗಳು ಮೆತ್ತಗಿದೆ ಅಂತ ಮೂರು ಪದರದ ರೋಲ್ ತಂದೆ. ಟ್ಯಾಂಕ್ ಬಗ್ಗಿಸಿದರೆ ಪೇಪರ್ ಉಂಡೆಯಾಗಿ ಬಾಯಿಗೆ ಸಿಕ್ಕಿಕೊಂಡಿತು. ಒಂದು ದಿನ ರೋಲ್ ಮುಗಿದಿತ್ತು, ಊಟದ ಟಿಶ್ಯೂ ಹಾಕಿಬಿಟ್ಟೆವು. ಅದು ಮುಚ್ಚಳದ ಅಂಚಿನಲ್ಲಿ ಕೂತು ರಬ್ಬರ್ ಹರಿಯಿತು. ಹೊಸ ರಬ್ಬರ್ ಬರುವ ತನಕ ಒಂದು ವಾರ ಅವ್ವ ಆ ವಾಸನೆಯಲ್ಲೇ ಮಲಗಿದಳು. ನನಗೆ ಇವತ್ತಿಗೂ ಬೇಜಾರು.

ಊಟದ ಟಿಶ್ಯೂ, ಅಡುಗೆಮನೆ ಟವೆಲ್ ಎರಡೂ ಒದ್ದೆಯಾದರೂ ಹರಿಯಬಾರದು ಅಂತಲೇ ಮಾಡಿರುತ್ತಾರೆ. ವೆಟ್ ವೈಪ್ಸ್‌ನಲ್ಲಂತೂ ಎಷ್ಟೋ ಸಲ ಪ್ಲಾಸ್ಟಿಕ್ ಎಳೆಯೇ ಇರುತ್ತದೆ. ಅವೆಲ್ಲ ಕಸದ ಬುಟ್ಟಿಗೆ. ದೋಣಿಗಳಲ್ಲಿ ಪೈಪ್ ಸಾಮಾನ್ಯವಾಗಿ ಒಂದೂವರೆ ಇಂಚು ಅಷ್ಟೇ, ಜೊತೆಗೆ ರಬ್ಬರ್ ವಾಲ್ವ್, ಪಂಪ್. ಅಲ್ಲಿ ಕಟ್ಟಿಕೊಂಡರೆ ನೀರಿನ ನಡುವೆ ಯಾರನ್ನು ಕರೆಯುವುದು? ಹಾಗಾಗಿ ದೋಣಿಯವರು ಪೇಪರನ್ನು ಬಾಟಲಿಯಲ್ಲಿ ಹಾಕಿ ನೋಡುತ್ತಾರೆ. ನಾನೂ ಅದನ್ನೇ ಮಾಡಿದೆ.

ಬಾಟಲಿಯಲ್ಲಿ ಅರ್ಧ ನೀರು, ಎರಡು ಮೂರು ಹಾಳೆ. ಅರ್ಧ ನಿಮಿಷ ಬಿಟ್ಟು ಹತ್ತು ಸಲ ಕುಲುಕಬೇಕು. ಗಂಜಿ ತಿಳಿಯಂತೆ ಆದರೆ ಒಳ್ಳೆಯದು. ತುಂಡು ತೇಲಿದರೆ ಬೇಡ. ಐದು ರೋಲ್ ನೋಡಿದೆ. ಸೆಪ್ಟಿಕ್ ಟ್ಯಾಂಕ್‌ಗೆ ಸುರಕ್ಷಿತ ಅಂತ ಬರೆದಿದ್ದ ಒಂದು ಹಾಳೆ ಹಾಗೇ ಉಳಿಯಿತು! ಎಲ್ಲಕ್ಕಿಂತ ಬೇಗ ಕರಗಿದ್ದು ಒಂದೇ ಪದರದ, ಸ್ವಲ್ಪ ಬೂದು ಬಣ್ಣದ, ಹಳೇ ಕಾಗದದಿಂದ ಮಾಡಿದ ರೋಲ್. ಅದರ ನಾರು ಗಿಡ್ಡ, ಬೇಗ ಬಿಡಿಸಿಕೊಳ್ಳುತ್ತದೆ. ಆದರೆ ಒರಟು. ಬೇಸಿಗೆಯಲ್ಲಿ ಅವ್ವನಿಗೆ ಉರಿ ಬಂತು. ಆಮೇಲೆ ಪರೀಕ್ಷೆಯಲ್ಲಿ ಪಾಸಾದ ಎರಡು ಪದರದ್ದಕ್ಕೆ ಬಂದೆವು. ಎರಡು ವರ್ಷ ಒಮ್ಮೆಯೂ ಕಟ್ಟಲಿಲ್ಲ.

ಪೇಪರ್ ಒಂದೇ ಸಾಲದು. ಖಾಲಿ ಮಾಡಿದ ಕೂಡಲೇ ಕೆಳಗಿನ ಟ್ಯಾಂಕ್‌ಗೆ ಎರಡು ಲೀಟರ್ ನೀರು ಹಾಕಿಡಿ, ಒಣ ತಳದಲ್ಲಿ ಯಾವ ಪೇಪರೂ ಕರಗದು. ಬ್ಲೀಚ್ ಬೇಡ, ರಬ್ಬರ್ ಹಾಳಾಗುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ದಿನಾ ಖಾಲಿ ಮಾಡುವುದೇ ವಾಸಿ.

ಕಳೆದ ತಿಂಗಳು ಅದೇ ಹೆಸರಿನ, ಅದೇ ಬಣ್ಣದ ಪ್ಯಾಕೆಟ್ ಬಂತು. ಕೈಗೆ ಸ್ವಲ್ಪ ದಪ್ಪ ಅನ್ನಿಸಿ ಬಾಟಲಿಗೆ ಹಾಕಿದೆ. ಒಂದು ಗಂಟೆಯಾದರೂ ಹಾಳೆ ಹಾಳೆಯಾಗೇ ಇತ್ತು. ಅಂಗಡಿಗೆ ವಾಪಸ್ ಕೊಟ್ಟು ಬೇರೆ ತಂದೆ, ಅದನ್ನೂ ಕುಲುಕಿ ನೋಡಿಯೇ ಅವ್ವನ ಪಕ್ಕ ಇಟ್ಟೆ.