ಹೈಡ್ರೇಂಜಿಯಾಕ್ಕೆ ಕತ್ತರಿ ಹಾಕಿಸುವ ಮೊದಲು ಇದನ್ನು ಓದಿ

ಉಡುಪಿ, ಮಂಗಳೂರು ಕಡೆ ಮನೆ ಎದುರು ಹೈಡ್ರೇಂಜಿಯಾ ನೆಡಿಸಬೇಕು ಅಂತಿರುವವರು ದಯವಿಟ್ಟು ಓದಿ. ಗಾರ್ಡನ್ ಮಾಡಿಕೊಡುತ್ತೇವೆ ಅಂತ ಬರುವವರ ಮಾತು ಕೇಳಿ ಗಿಡಕ್ಕೆ ಕತ್ತರಿ ಹಾಕಿಸಬೇಡಿ. ಹೆಸರು ಹಾಕುವುದಿಲ್ಲ. ಆದರೆ ಹೊಟ್ಟೆ ಉರಿ ಇನ್ನೂ ಇಳಿದಿಲ್ಲ.

ನಮ್ಮ ಮನೆ ಮಣಿಪಾಲದ ಹತ್ತಿರ. ದೀಪಾವಳಿ ಕಳೆದ ಮೇಲೆ ಎಂಟು ಗಿಡ ನೆಟ್ಟುಕೊಟ್ಟರು, ಒಂದಕ್ಕೆ 450 ರೂಪಾಯಿ, ಮಡಿಕೇರಿ ಕಡೆಯದ್ದು ಅಂದರು. ಬೆಳಿಗ್ಗೆ ಎಳೆಬಿಸಿಲು, ಮಧ್ಯಾಹ್ನ ಹಲಸಿನ ಮರದ ನೆರಳು, ಹಾಗಾಗಿ ಜಾಗದ್ದೇನೂ ತಕರಾರಿಲ್ಲ. ಮೇ ತಿಂಗಳಲ್ಲಿ ಮಗಳ ನಿಶ್ಚಿತಾರ್ಥ ಇತ್ತು. ಅಷ್ಟೊತ್ತಿಗೆ ಅಂಗಳ ತುಂಬ ನೀಲಿ ಹೂವು ಅಂತ ಅವರೇ ಹೇಳಿದ್ದು.

ಜನವರಿಯಲ್ಲಿ ಅವರದ್ದೇ ಫೋನ್. "ಅಕ್ಕ, ಈಗ ಕಟ್ಟಿಂಗ್ ಮಾಡದಿದ್ರೆ ಹೂ ಬರುದಿಲ್ಲ." ಅದಕ್ಕೆ ಬೇರೆ 1,500. ಇಬ್ಬರು ಹುಡುಗರು ಬಂದು ದಾಸವಾಳ ಕಡಿದ ಹಾಗೆ ಗೇಣುದ್ದ ಬಿಟ್ಟು ಎಲ್ಲ ಕಡಿದು ಹಾಕಿದರು. ಬುಡಕ್ಕೆ ಒಂದೊಂದು ಹಿಡಿ ಸುಣ್ಣ!

ಕಸ ಗುಡಿಸುವಾಗ ನೋಡುತ್ತೇನೆ, ಕಡಿದ ಗೆಲ್ಲುಗಳ ತುದಿಯಲ್ಲೆಲ್ಲ ದಪ್ಪ ಮೊಗ್ಗು. ಒಂದನ್ನು ಉಗುರಿನಲ್ಲಿ ಸೀಳಿದೆ. ಮಡಚಿಕೊಂಡ ಎಳೆ ಎಲೆಗಳ ನಡುವೆ ತೀರಾ ಸಣ್ಣ ಹಸಿರು ಕಾಳುಗಳು, ಒತ್ತೊತ್ತಾಗಿ ಒಂದು ಗೊಂಚಲು. ಹೂವೇ ಅದು! ಕೈಯೇ ಓಡಲಿಲ್ಲ ನನಗೆ. ದುಡ್ಡು ಕೊಟ್ಟು ಹೂವು ಕಡಿಸಿದ ಹಾಗಾಯಿತಲ್ಲ.

ನಮ್ಮಲ್ಲಿ ಹೆಚ್ಚಾಗಿ ಮಾರುವ ಈ ದೊಡ್ಡ ಎಲೆಯ ಜಾತಿ ಹಳೆ ಗೆಲ್ಲಿನಲ್ಲೇ ಹೂ ಬಿಡುವುದು. ಮೊಗ್ಗು ತಿಂಗಳುಗಟ್ಟಲೆ ಮೊದಲೇ ಕೂತಿರುತ್ತದೆ, ಅದು ಕೂರುವುದಕ್ಕೆ ತಂಪು ಬೇಕು. ಘಟ್ಟದ ಚಳಿಯಲ್ಲಿ ಕೂತ ಮೊಗ್ಗನ್ನು ಕಡಿದು ಬಿಸಾಡಿದರೆ ನಮ್ಮ ಸೆಕೆಗೆ ಮತ್ತೆ ಎಲ್ಲಿಂದ ಬರಬೇಕು? ಇನ್ನು ಆ ಸುಣ್ಣ. ಹೂವು ನೀಲಿ ಆಗಬೇಕಾದರೆ ಮಣ್ಣು ಹುಳಿ (ಆಮ್ಲೀಯ) ಇರಬೇಕು, ಅಲ್ಯೂಮಿನಿಯಂ ಬೇರಿಗೆ ಸಿಗಬೇಕು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಹುಳಿಯೇ. ಸುಣ್ಣ ಹಾಕಿದರೆ ಆ ಹುಳಿ ಕಡಿಮೆಯಾಗಿ ಹೂವು ಗುಲಾಬಿ ಬಣ್ಣದ ಕಡೆ ತಿರುಗುತ್ತದೆ. ನೀಲಿ ಅಂತ ಹೇಳಿ ಮಾರಿದವರೇ ಸುಣ್ಣ ಹಾಕುವುದಾ?

ಕೇಳಿದರೆ ಮೊದಲು "ಸ್ವಲ್ಪ ಕಾಯಿರಿ ಅಕ್ಕ" ಅಂದರು. ಏಪ್ರಿಲಲ್ಲಿ ಕೇಳಿದರೆ "ನೀರು ಜಾಸ್ತಿ ಹಾಕಿದ್ದೀರಿ". ನೀರು ಸ್ವಲ್ಪ ಕಡಿಮೆ ಆದರೆ ಎಲೆ ಜೋತು ಬೀಳುವ ಗಿಡ ಮಾರಾಯ್ರೆ ಇದು! ಆಮೇಲೆ "ನಿಮ್ಮ ಮಣ್ಣು ಸರಿ ಇಲ್ಲ". ಮಣ್ಣು ನೋಡಿ, ಗುಂಡಿ ತೆಗೆದು, ಗೊಬ್ಬರ ಹಾಕಿದ್ದು ಯಾರು? ಸೀಳಿದ ಮೊಗ್ಗಿನ ಫೋಟೋ ಕಳಿಸಿದೆ. "ಅದು ಎಲೆ ಮೊಗ್ಗು, ನಿಮಗೆ ಗೊತ್ತಾಗುದಿಲ್ಲ ಅಕ್ಕ" ಅಂತ ಬಂತು. ನನಗೆ ಗೊತ್ತಾಗುವುದಿಲ್ಲವಂತೆ! ಅಲ್ಲಿಂದ ಮುಂದೆ ಫೋನೂ ಇಲ್ಲ, ಮೆಸೇಜೂ ಇಲ್ಲ.

ನಿಶ್ಚಿತಾರ್ಥದ ದಿನ ಬೀಗರು ಗೇಟಿನ ಹತ್ತಿರ ನಿಂತು "ಇದೇನು, ಬರೀ ಸೊಪ್ಪಾ?" ಅಂತ ಕೇಳಿದರು. ಏನು ಹೇಳಲಿ?

ಒಣಗಿದ ಗೆಲ್ಲು ತೆಗೆಯಿರಿ, ಬಾಡಿದ ಹೂವನ್ನು ಅದರ ಕೆಳಗಿನ ದಪ್ಪ ಮೊಗ್ಗಿನ ಮೇಲಕ್ಕೆ ಕತ್ತರಿಸಿ, ಅಷ್ಟು ಸಾಕು. ಅದೂ ಹೂವು ಮುಗಿದ ಕೂಡಲೇ. ಜನವರಿಯಲ್ಲಿ ಕತ್ತರಿ ಹಿಡಿದು ಯಾರೇ ಬಂದರೂ ಗೇಟಿನಿಂದಲೇ ಕಳಿಸಿ. ಆ 1,500 ರೂಪಾಯಿ ವಾಪಸ್ ಬೇಕು ಅಂತ ನಾನಿನ್ನೂ ಕೇಳುತ್ತಲೇ ಇದ್ದೇನೆ, ಬಿಡುವುದಿಲ್ಲ.