ರಾತ್ರಿ ಕೆಮ್ಮಿಗೆ ಯಾವುದು? ಉಪ್ಪುನೀರು, ಜೇನು, ಅರಿಶಿನ ಹಾಲು, ಕಷಾಯ, ಹಬೆ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನನಗೆ ನೆಗಡಿಗಿಂತ ಅದು ಬಿಟ್ಟುಹೋಗುವ ಕೆಮ್ಮೇ ಕಷ್ಟ. ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್ ನಾನು. ದಿನಕ್ಕೆ ಐದು ಪೀರಿಯಡ್ ಮಾತಾಡಬೇಕು. ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಹಿಡಿಯಿತೋ, ಮೊದಲ ಬೆಂಚಿನಲ್ಲಿ ಹುಟ್ಟಿದ ಸೀನು ವಾರದೊಳಗೆ ನನ್ನ ಗಂಟಲಿಗೆ ಬಂದಿರುತ್ತದೆ. ಹಗಲು ಹೇಗೋ ಸಾಗುತ್ತದೆ. ರಾತ್ರಿ ದಿಂಬಿಗೆ ತಲೆ ಇಟ್ಟ ಕೂಡಲೇ ಒಣ ಕೆಮ್ಮು ಶುರು.

ನಮ್ಮ ಮನೆಯಲ್ಲಿ ಕೆಮ್ಮು ಬಂದರೆ ಎಲ್ಲ ಮದ್ದೂ ಒಟ್ಟಿಗೇ ನಡೆಯುತ್ತಿತ್ತು. ಸಂಜೆ ಕಷಾಯ, ಊಟ ಆದ ಮೇಲೆ ಹಬೆ, ಮಲಗುವಾಗ ಅರಿಶಿನ ಹಾಲು, ನಡುವೆ ಒಂದು ಚಮಚ ಜೇನು. ವಾರದಲ್ಲಿ ಕೆಮ್ಮು ತಗ್ಗುತ್ತಿತ್ತು. ತಗ್ಗಿಸಿದ್ದು ಯಾವುದು ಅಂತ ಕೇಳಿದರೆ ಅತ್ತೆ ಕಷಾಯ ಅನ್ನುತ್ತಿದ್ದರು, ನನ್ನ ಗಂಡ ಹಬೆ ಅನ್ನುತ್ತಿದ್ದರು. ಇದನ್ನು ಒಮ್ಮೆ ಸರಿಯಾಗಿ ನೋಡಿಬಿಡೋಣ ಅನ್ನಿಸಿತು. ಎರಡು ಮಳೆಗಾಲ, ಮನೆಯವರಿಗೆಲ್ಲ ಸೇರಿ ಐದು ಸಲ ನೆಗಡಿ. ಒಂದು ರಾತ್ರಿಗೆ ಒಂದೇ ಮದ್ದು. ದೀಪ ಆರಿಸಿದ ಮೇಲೆ ನಿದ್ದೆ ಬರಲು ಎಷ್ಟು ಹೊತ್ತಾಯಿತು, ರಾತ್ರಿ ಎಷ್ಟು ಸಲ ಕೆಮ್ಮಿ ಎದ್ದೆವು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದೆವು.

ಮೊದಲ ಸಲವೇ ಒಂದು ತಪ್ಪು ಮಾಡಿದ್ದೆ. ಎರಡನೇ ದಿನ ಜೇನು, ಮೂರನೇ ದಿನ ಹಾಲು, ಆರನೇ ದಿನ ಕಷಾಯ ಅಂತ ಹಾಕಿಕೊಂಡೆ. ಗೆದ್ದದ್ದು ಕಷಾಯ. ಗೆಲ್ಲದೆ ಇರುತ್ತಾ? ಆರನೇ ದಿನಕ್ಕೆ ನೆಗಡಿಯೇ ಇಳಿದಿರುತ್ತದೆ. ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋದ ಹಾಗೆ. ಆಮೇಲೆ ಪ್ರತಿ ಸಲವೂ ಸರದಿ ಬದಲಿಸಿದೆ. ಮನೆಮದ್ದಿನ ಬಗ್ಗೆ ಯಾರಾದರೂ ‘ನಂಗೆ ಒಂದೇ ದಿನದಲ್ಲಿ ಹೋಯ್ತು’ ಅಂದರೆ, ಈಗ ನಾನು ಕೇಳುವ ಮೊದಲ ಪ್ರಶ್ನೆ ‘ನೆಗಡಿ ಶುರುವಾಗಿ ಎಷ್ಟನೇ ದಿನಕ್ಕೆ ಕುಡಿದ್ರಿ?’ ಅಂತ.

ಇದರ ಹಿಂದೆ ಒಂದು ಲೆಕ್ಕವೂ ಇದೆ. 2013ರಲ್ಲಿ ಅಮೆರಿಕದ ಸಂಶೋಧಕರು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಇಂಥ ಸಾಮಾನ್ಯ ಕೆಮ್ಮು ಸರಾಸರಿ ಸುಮಾರು 18 ದಿನ ಉಳಿಯುತ್ತದೆ ಅಂತ ಗೊತ್ತಾಯಿತು. ಜನರನ್ನು ಕೇಳಿದರೆ ಮಾತ್ರ ಏಳರಿಂದ ಒಂಬತ್ತು ದಿನ ಅನ್ನುತ್ತಿದ್ದರು. ಅಂದರೆ ಕೆಮ್ಮು ತನ್ನ ಪಾಡಿಗೆ ಹೋಗುವುದೇ ನಿಧಾನ. ಯಾವ ಮದ್ದು ಅದನ್ನು ಓಡಿಸುತ್ತದೆ ಅಂತ ಹುಡುಕುವುದಕ್ಕಿಂತ, ಈ ರಾತ್ರಿ ಯಾವುದು ಮಲಗಿಸುತ್ತದೆ ಅಂತ ನೋಡುವುದು ಸರಿ. ನಾನು ಹೋಲಿಸಿದ್ದು ಅದನ್ನೇ.

ಮೊದಲು ಉಪ್ಪುನೀರು. ನುಂಗುವಾಗ ನೋಯುವ ಗಂಟಲಿಗೆ ಇದರ ಹತ್ತಿರಕ್ಕೂ ಬೇರೆ ಯಾವುದೂ ಬರಲಿಲ್ಲ. ಒಂದು ದೊಡ್ಡ ಲೋಟ, ಅಂದರೆ 250 ಮಿಲಿ ಉಗುರುಬೆಚ್ಚಗಿನ ನೀರು. ಅದಕ್ಕೆ ಅರ್ಧ ಟೀ ಚಮಚ ಪುಡಿ ಉಪ್ಪು. ಅಷ್ಟು ಹಾಕಿದರೆ ನೀರು ನಮ್ಮ ರಕ್ತಕ್ಕಿಂತ ಸ್ವಲ್ಪವೇ ಜಾಸ್ತಿ ಉಪ್ಪಾಗಿರುತ್ತದೆ. ಊದಿದ ಗಂಟಲಿನಿಂದ ಒಂದಿಷ್ಟು ನೀರನ್ನು ಹೊರಕ್ಕೆ ಎಳೆಯುತ್ತದೆ. ಅಂಟಿದ ಕಫವೂ ಸಡಿಲವಾಗುತ್ತದೆ. ನನಗೆ ಒಂದು ಸಲ ಮುಕ್ಕಳಿಸಿದರೆ ಒಂದೂವರೆ ಗಂಟೆ ಹಾಯಾಗಿರುತ್ತಿತ್ತು. ಆಮೇಲೆ ಮತ್ತೆ ನೋವು.

ಉಪ್ಪು ಜಾಸ್ತಿ ಹಾಕಿದರೆ ಬೇಗ ಗುಣವಾಗುತ್ತದೆ ಅಂದುಕೊಂಡು ಒಂದು ರಾತ್ರಿ ಎರಡು ಚಮಚ ಹಾಕಿದೆ. ಗಂಟಲು ಒಣಗಿ ಉರಿ ಹತ್ತಿತು, ಕೆಮ್ಮು ಇನ್ನೂ ಹೆಚ್ಚಾಯಿತು. ಉಪ್ಪಿಲ್ಲದ ಬಿಸಿನೀರಿನಲ್ಲೂ ಮುಕ್ಕಳಿಸಿ ನೋಡಿದೆ. ಅದೂ ಸುಮಾರಾಗಿ ಆರಾಮ ಕೊಟ್ಟಿತು. ಜಪಾನ್‌ನಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 387 ಆರೋಗ್ಯವಂತರ ಪೈಕಿ ದಿನವೂ ಬರೀ ನೀರಿನಲ್ಲಿ ಗಂಟಲು ತೊಳೆದವರಿಗೆ ನೆಗಡಿ ಕಡಿಮೆ ಬಂದಿತ್ತು. ಅಯೋಡಿನ್ ದ್ರಾವಣ ಬಳಸಿದವರಿಗೆ ಅಂಥ ಲಾಭ ಕಾಣಲಿಲ್ಲ. ಅಂದಿನಿಂದ ಶಾಲೆಯಿಂದ ಬಂದ ಕೂಡಲೇ ಕೈಕಾಲು ತೊಳೆಯುವಾಗ ಗಂಟಲನ್ನೂ ತೊಳೆಯುತ್ತೇನೆ. ಉಪ್ಪುನೀರಿಗೆ ಅರಿಶಿನ ಹಾಕಿಯೂ ನೋಡಿದೆ. ಬೇಸಿನ್ ಹಳದಿಯಾಯಿತು, ಗಂಟಲಿಗೆ ಬೇರೆ ವ್ಯತ್ಯಾಸ ಏನೂ ಗೊತ್ತಾಗಲಿಲ್ಲ.

ಆದರೆ ಒಣ ಕೆಮ್ಮಿಗೆ ಉಪ್ಪುನೀರು ಸಾಲದು. ಮುಕ್ಕಳಿಸಿದ ನೀರು ಕೆಮ್ಮು ಹುಟ್ಟುವ ಜಾಗಕ್ಕೆ ತಲುಪುವುದೇ ಇಲ್ಲ.

ಅಲ್ಲಿ ಗೆದ್ದದ್ದು ಜೇನು. ನಮ್ಮ ಮನೆಗೆ ಶಿರಸಿ ಕಡೆಯಿಂದ ತುಡುವೆ ಜೇನು ಬರುತ್ತದೆ, ಪೆಟ್ಟಿಗೆಯಲ್ಲಿ ಸಾಕಿದ ಹುಳುಗಳದ್ದು. ಒಮ್ಮೆ ಹೆಜ್ಜೇನು ಸಿಕ್ಕಿತ್ತು, ಅದರಲ್ಲೂ ನೋಡಿದೆ. ರುಚಿಯಲ್ಲಿ ದೂರ ದೂರ, ಕೆಮ್ಮಿಗೆ ಎರಡೂ ಒಂದೇ. ಮಲಗುವ ಅರ್ಧ ಗಂಟೆ ಮೊದಲು ಒಂದು ಟೀ ಚಮಚ, ನೀರಿಗೆ ಬೆರೆಸದೆ, ನಿಧಾನವಾಗಿ ನೆಕ್ಕಬೇಕು. ಬಿಸಿನೀರಿಗೆ ಹಾಕಿ ಕುಡಿದ ರಾತ್ರಿಗಳಲ್ಲಿ ಇಷ್ಟು ಪರಿಣಾಮ ಇರಲಿಲ್ಲ. ಜೇನಿನ ಕೆಲಸವೇ ಅಂಟುವುದು ಅಲ್ವಾ? ಅದು ಗಂಟಲಿನ ಕೆರಳಿದ ಪದರದ ಮೇಲೆ ತೆಳ್ಳಗೆ ಕೂರುತ್ತದೆ. ಸಿಹಿ ಬಾಯಿಗೆ ಬಿದ್ದ ಕೂಡಲೇ ಜೊಲ್ಲೂ ಜಾಸ್ತಿ ಬರುತ್ತದೆ, ಗಂಟಲು ಒಣಗುವುದಿಲ್ಲ.

ನೋಟ್‌ಬುಕ್ ಹೇಳುವುದು ಇಷ್ಟು. ಏನೂ ತೆಗೆದುಕೊಳ್ಳದ ರಾತ್ರಿ ನಾನು ನಾಲ್ಕೈದು ಸಲ ಏಳುತ್ತಿದ್ದೆ. ಜೇನು ನೆಕ್ಕಿದ ರಾತ್ರಿ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಏಳು ವರ್ಷದ ಮಗಳಿಗೆ ಇನ್ನೂ ಚೆನ್ನಾಗಿ ಹಿಡಿಯಿತು. ನನಗೊಬ್ಬಳಿಗೇ ಕಂಡದ್ದೂ ಅಲ್ಲ ಇದು. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ರಾತ್ರಿ ಕೆಮ್ಮಿಗೂ ನಿದ್ದೆಗೂ ಜೇನೇ ಮುಂದಿದೆ ಅಂತ ತಂದೆತಾಯಂದಿರು ಅಂಕ ಕೊಟ್ಟರು. ಕೆಮ್ಮಿನ ಸಿರಪ್‌ಗಳಲ್ಲಿ ಸಿಗುವ ಡೆಕ್ಸ್ಟ್ರೋಮೆಥಾರ್ಫಾನ್ ಅದಕ್ಕಿಂತ ಮೇಲಾಗಿ ಕಾಣಲಿಲ್ಲ.

ಜೇನಿನ ವಿಷಯದಲ್ಲಿ ಒಂದು ಮಾತನ್ನು ನಾನು ಎಲ್ಲರಿಗೂ ಜಗಳ ಆಡಿಯಾದರೂ ಹೇಳುತ್ತೇನೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಬೇಡ. ಹನಿಯೂ ಬೇಡ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ಪದ್ಧತಿ ನಮ್ಮ ಕಡೆ ಇದೆ, ನನಗೂ ನೆಕ್ಕಿಸಿದ್ದಾರಂತೆ. ಆದರೆ ಜೇನಿನಲ್ಲಿ ಕೆಲವೊಮ್ಮೆ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ದೊಡ್ಡವರ ಕರುಳು ಅದನ್ನು ತಡೆದುಕೊಳ್ಳುತ್ತದೆ. ಎಳೆ ಕರುಳಿನಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆಯಾಗಬಹುದು. ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ. ಇನ್ನು ಸಕ್ಕರೆ ಕಾಯಿಲೆ ಇರುವವರು ಒಂದು ಚಮಚ ಜೇನಿನಲ್ಲಿ ಸುಮಾರು 6 ಗ್ರಾಂ ಸಕ್ಕರೆ ಇದೆ ಅಂತ ಲೆಕ್ಕ ಇಟ್ಟುಕೊಳ್ಳಬೇಕು.

ಅರಿಶಿನ ಹಾಲಿನ ಮೇಲೆ ನನಗೆ ತುಂಬ ನಂಬಿಕೆ ಇತ್ತು. ಅದಕ್ಕೇ ಅದರ ಫಲ ನೋಡಿ ಬೇಜಾರಾಯಿತು. ಕುಡಿದ ಕೂಡಲೇ ಎದೆ ಬೆಚ್ಚಗಾಗುತ್ತದೆ, ಬೇಗ ನಿದ್ದೆ ಹತ್ತುತ್ತದೆ. ಆದರೆ ಮಧ್ಯರಾತ್ರಿ ಏಳುವುದು ಮಾತ್ರ ಮೂರು ಸಲಕ್ಕಿಂತ ಕೆಳಗಿಳಿಯಲಿಲ್ಲ. ಅರಿಶಿನ ಬಿಟ್ಟು ಬರೀ ಬಿಸಿ ಹಾಲು ಕುಡಿದ ರಾತ್ರಿಗಳೂ ಹಾಗೇ ಇದ್ದವು.

ಯಾಕೆ ಅಂತ ಹುಡುಕಿದೆ. ಅರಿಶಿನದ ಮದ್ದಿನ ಗುಣಕ್ಕೆ ಕಾರಣ ಅನ್ನುವ ಹಳದಿ ಅಂಶ ಕರ್ಕ್ಯುಮಿನ್. ಪುಡಿಯಲ್ಲಿ ಅದು ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಅರ್ಧ ಚಮಚ ಪುಡಿ ಅಂದರೆ ಒಂದೂವರೆ ಗ್ರಾಂ. ಅದರಲ್ಲಿ ಕರ್ಕ್ಯುಮಿನ್ 45 ಮಿಲಿಗ್ರಾಂ ಆದೀತು. ಅದೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೇ ಸಂಬಂಧಿಸಿದ್ದು. ಅವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಕಾಳಿನಲ್ಲಿರುವ ಪೈಪರೀನ್ 20 ಮಿಲಿಗ್ರಾಂ ಕೊಟ್ಟರು. ರಕ್ತಕ್ಕೆ ಸೇರಿದ್ದು ಸುಮಾರು 20 ಪಟ್ಟು ಹೆಚ್ಚಾಯಿತು. ಅರಿಶಿನ ಹಾಲಿಗೆ ಎರಡು ಕಾಳು ಮೆಣಸು ಜಜ್ಜಿ ಹಾಕುತ್ತಿದ್ದ ಅಜ್ಜಿಯ ಕೈ ನೆನಪಾಗಿ ತುಂಬ ಸಂತೋಷವಾಯಿತು. ಆದರೂ 2 ಗ್ರಾಂ ಎಲ್ಲಿ, ನಮ್ಮ ಲೋಟದ 45 ಮಿಲಿಗ್ರಾಂ ಎಲ್ಲಿ? ಹಾಲು ಕಫ ಹೆಚ್ಚಿಸುತ್ತದೆ ಅಂತ ಹೆದರುವವರು ಇದ್ದಾರೆ. ಹಾಲು ಜೊಲ್ಲಿನ ಜೊತೆ ಬೆರೆತು ಬಾಯಿ ಮಂದವಾದಂತೆ ಅನ್ನಿಸುತ್ತದೆ, ಅಷ್ಟೇ. ಕಫ ಹೆಚ್ಚುವುದಿಲ್ಲ.

ಹಬೆಯ ವಿಷಯಕ್ಕೆ ಬಂದರೆ, ಅದನ್ನು ನಮ್ಮ ಮನೆಯಲ್ಲಿ ಈಗ ನಿಲ್ಲಿಸಿದ್ದೇವೆ. ಕಟ್ಟಿದ ಮೂಗು ಇಪ್ಪತ್ತು ನಿಮಿಷ ಬಿಡುತ್ತಿತ್ತು ನಿಜ. ಕೆಮ್ಮಿನ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ಬಾಮ್ ಹಾಕಿದರೆ ಮೂಗು ತೆರೆದಂತೆ ಅನ್ನಿಸುತ್ತದೆ. ಅದರ ಮೆಂಥಾಲ್ ಮೂಗಿನೊಳಗಿನ ತಂಪು ತಿಳಿಯುವ ನರಗಳನ್ನು ಎಬ್ಬಿಸುತ್ತದೆ, ಊತ ಹಾಗೇ ಇರುತ್ತದೆ. ಎರಡನೇ ಮಳೆಗಾಲದಲ್ಲಿ ಕಂಬಳಿ ಹೊದ್ದು ಕೂತಿದ್ದಾಗ ಪಾತ್ರೆ ವಾಲಿ ಬಿಸಿನೀರು ನನ್ನ ಪಾದದ ಮೇಲೆ ಚೆಲ್ಲಿತು. ಬೊಬ್ಬೆ ಎದ್ದು ಮೂರು ವಾರ ಚಪ್ಪಲಿ ಹಾಕಲಾಗಲಿಲ್ಲ. ಅದಕ್ಕೆ ಐದು ನಿಮಿಷ ಮೊದಲು ಮಗಳು ನನ್ನ ತೊಡೆಯ ಮೇಲಿದ್ದಳು. ಆ ಯೋಚನೆ ಬಂದರೆ ಈಗಲೂ ಎದೆ ನಡುಗುತ್ತದೆ. ಮಕ್ಕಳಿಗೆ ಹಬೆ ಹಿಡಿಸುವ ಮನೆಗಳಿಗೆ ನನ್ನ ಬೇಡಿಕೆ ಇಷ್ಟೇ: ದಯವಿಟ್ಟು ಬೇಡ. ಪುಟ್ಟ ಮಕ್ಕಳ ಎದೆಗೆ ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆ ಹಚ್ಚುವುದೂ ಬೇಡ. ಕರ್ಪೂರ ಮಗುವಿನ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು.

ದೊಡ್ಡಪತ್ರೆಯನ್ನು ಕುಂಡದಲ್ಲೇ ಬೆಳೆಸಿದ್ದೇವೆ. ಎಲೆ ಬಾಡಿಸಿ ಹಿಂಡಿದ ರಸ ಮಗಳಿಗೆ ಸೇರಲಿಲ್ಲ, ಎರಡೇ ರಾತ್ರಿ ಕೊಟ್ಟೆ, ಅಷ್ಟರಲ್ಲಿ ಏನೂ ಹೇಳಲಾಗದು. ತಂಬುಳಿ ಮಾಡಿದರೆ ಬಟ್ಟಲು ಖಾಲಿ ಮಾಡುತ್ತಾಳೆ. ಜ್ಯೇಷ್ಠಮಧುವಿನ ಕಡ್ಡಿ ಹಗಲು ಪಾಠ ಮಾಡುವಾಗ ನನಗೆ ಒಳ್ಳೆಯ ಜೊತೆ, ಒಂದು ಚೂರು ಬಾಯಲ್ಲಿದ್ದರೆ ಗಂಟಲು ಕೆರೆಯುವುದಿಲ್ಲ. ಅತ್ತೆಗೆ ಮಾತ್ರ ಕೊಡುವುದಿಲ್ಲ. ಅವರಿಗೆ ಬಿಪಿ ಇದೆ. ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ.

ಇವೆಲ್ಲ ಸಾಮಾನ್ಯ ನೆಗಡಿ ಕೆಮ್ಮಿಗೆ. ಕಳೆದ ಆಗಸ್ಟ್‌ನಲ್ಲಿ ನನ್ನ ಗಂಡನ ಕೆಮ್ಮು ಎರಡು ವಾರ ದಾಟಿತು. ಸರಾಸರಿಯೇ 18 ದಿನ ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದರೂ, ಎರಡು ವಾರ ಆದ ಕೂಡಲೇ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನಮ್ಮ ದೇಶದಲ್ಲಿ ಟಿಬಿ ಇನ್ನೂ ಇದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು, ಸರ್ಕಾರಿ ಕೇಂದ್ರಗಳಲ್ಲಿ ಅದಕ್ಕೆ ದುಡ್ಡಿಲ್ಲ. ಏನೂ ಇರಲಿಲ್ಲ, ನೆಮ್ಮದಿಯಾಯಿತು. ಕಫದಲ್ಲಿ ರಕ್ತ ಕಂಡರೆ, ಉಸಿರು ಕಟ್ಟಿದರೆ, ಮೂರು ದಿನಕ್ಕೂ ಜ್ವರ ಬಿಡದಿದ್ದರೆ ಎರಡು ವಾರವನ್ನೂ ಕಾಯಬಾರದು.

ಕಷಾಯವನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ನಮ್ಮದು ತೀರ್ಥಹಳ್ಳಿ ಕಡೆಯ ಕಷಾಯ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಸ್ವಲ್ಪ ಮೆಂತ್ಯ ಹುರಿದು ಮಾಡಿದ ಪುಡಿ. ಅದನ್ನು ನೀರಲ್ಲಿ ಕುದಿಸಿ, ಬೆಲ್ಲ ಹಾಕಿ, ಕೊನೆಗೆ ಹಾಲು. ಕೆಮ್ಮಿ ಏಳುವ ಲೆಕ್ಕದಲ್ಲಿ ಅದು ಜೇನಿಗೆ ಸೋತಿತು. ಆದರೆ ನೋಟ್‌ಬುಕ್‌ನ ಅಂಚಿನಲ್ಲಿ ನಾನು ಸುಮ್ನೆ ಬರೆದಿಟ್ಟ ಮಾತುಗಳು ಬೇರೆ ಹೇಳುತ್ತವೆ. ‘ಮೈ ಹಗುರ’, ‘ಚಳಿ ಬಿಟ್ಟಿತು’, ‘ಊಟ ಸೇರಿತು’. ಕಷಾಯ ಕುಡಿದ ದಿನಗಳಲ್ಲಿ ಮಾತ್ರ ಹಾಗೆ ಬರೆದಿದ್ದೇನೆ.

ಆರಿದ ಕಷಾಯ ಕುಡಿದು ನೋಡಿದೆ. ಅದೇ ಪುಡಿ, ಅದೇ ಬೆಲ್ಲ, ಆ ಸುಖ ಇರಲಿಲ್ಲ. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಹಣ್ಣಿನ ಪಾನೀಯವೊಂದನ್ನು ನೆಗಡಿಯಾದ 30 ಜನರಿಗೆ ಕೊಟ್ಟು ನೋಡಿದ್ದರು, ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಆರಿಸಿ. ಆರಿದ್ದನ್ನು ಕುಡಿದವರಿಗೂ ಕೆಮ್ಮು, ಸೀನು, ಸೋರುವ ಮೂಗು ತಗ್ಗಿತು. ಗಂಟಲು ನೋವು, ಚಳಿ, ಸುಸ್ತು ಕೂಡ ತಗ್ಗಿದ್ದು ಬಿಸಿಯಾಗಿ ಕುಡಿದವರಿಗೆ ಮಾತ್ರ. ಮೆಣಸು, ಜೀರಿಗೆಯ ಪಾಲು ಎಷ್ಟಿದೆಯೋ, ಬಿಸಿಯ ಪಾಲು ದೊಡ್ಡದು ಅಂತ ನನಗೆ ಖಾತ್ರಿಯಾಗಿದೆ.

ಈಗ ಕೆಮ್ಮಿನ ದಿನಗಳಲ್ಲಿ ನಮ್ಮ ಮನೆಯ ಕ್ರಮ ಹೀಗಿದೆ. ಶಾಲೆಯಿಂದ ಬಂದು ಸುಡು ಸುಡು ಕಷಾಯ, ಅದನ್ನು ಅತ್ತೆಯೇ ಮಾಡಬೇಕು. ಊಟ ಆದ ಮೇಲೆ ಉಪ್ಪುನೀರು. ಒಂಬತ್ತೂವರೆಗೆ ಹಲ್ಲುಜ್ಜುವ ಮೊದಲು ಜೇನು. ಮಗಳು ಚಮಚ ಹಿಡಿದು ತಾನೇ ಬಂದು ನಿಲ್ಲುತ್ತಾಳೆ, ಕೆಮ್ಮು ಇಲ್ಲದ ದಿನವೂ.